ಗಾಣದ ಎಣ್ಣೆಯ ವೆಬ್‌ಸೈಟಿಗೆ ಕಾಪಿರೈಟರ್, ಅಂದರೆ ಮಾರಾಟದ ಬರಹ ಬರೆದುಕೊಡುವವರು, ಬೇಕೇ? ಬೇಕಾದರೆ ಯಾವಾಗ, ಎಷ್ಟು ಪುಟಕ್ಕೆ?

ತಿಪಟೂರಿನ ಕಡೆಯ ಒಂದು ಚಿಕ್ಕ ಘಟಕ. ಎರಡು ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಕೇಳಿದವರಿಗೆ ಹುಚ್ಚೆಳ್ಳೆಣ್ಣೆ. ಅಣ್ಣ ಗಾಣ ನೋಡಿಕೊಳ್ಳುತ್ತಾರೆ, ತಮ್ಮ ಕೊಬ್ಬರಿ ಖರೀದಿ ಮತ್ತು ಸಾಗಣೆ. ವಾಟ್ಸಾಪ್, ಪ್ಯಾಕಿಂಗ್, ವೆಬ್‌ಸೈಟ್ ಮೂರೂ ತಮ್ಮನ ಹೆಂಡತಿಯ ಪಾಲು. ಎರಡು ವರ್ಷದ ಹಿಂದೆ ಮಾಡಿಸಿದ ವೆಬ್‌ಸೈಟಿಗೆ ತಿಂಗಳಿಗೆ 1,800 ಭೇಟಿ, 18 ಆರ್ಡರ್. ನೂರು ಜನ ಬಂದರೆ ಕೊಳ್ಳುವವರು ಒಬ್ಬರು.

“ಭಾವ, ಬರೆಯೋರು ಯಾರನ್ನಾದ್ರೂ ಹಿಡಿಯೋಣ, ನಮ್ಮ ಇಂಗ್ಲಿಷ್ ನೋಡಿ ಜನ ವಾಪಸ್ ಹೋಗ್ತಿದ್ದಾರೆ” ಎಂಬುದು ಆಕೆಯ ವಾದ. “ಎಣ್ಣೆ ಚೆನ್ನಾಗಿದ್ರೆ ಬರವಣಿಗೆ ಯಾಕಮ್ಮ?” ಎಂಬುದು ಅಣ್ಣನದು. ಅಷ್ಟರಲ್ಲಿ ಮೂರು ಕಡೆಯಿಂದ ದರ ಬಂದಿತ್ತು. 12 ಪುಟದ ವೆಬ್‌ಸೈಟಿಗೆ ಒಬ್ಬರು 9,000 ರೂಪಾಯಿ ಕೇಳಿದ್ದರು, ಇನ್ನೊಬ್ಬರು 45,000, ಮೂರನೆಯವರು 1,10,000.

ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಇಲ್ಲಿ ಒಂದೇ ಮನೆಗೆ ಹೊಂದಿಸಿ ಬರೆದಿದೆ. ರೂಪಾಯಿ, ಭೇಟಿ, ಆರ್ಡರಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನಿಮ್ಮ ಅಂಕಿ ಹಾಕಿದರೆ ಉತ್ತರ ಬೇರೆ ಬರಬಹುದು, ದಾರಿ ಬದಲಾಗದು. ಕಾನೂನು ಮತ್ತು ಎಣ್ಣೆಯ ಸಂಗತಿಗಳು ಮಾತ್ರ ಇದ್ದದ್ದು ಇದ್ದಂತೆ.

ಮೂರು ದರ, ಮೂರು ಬೇರೆ ಕೆಲಸ

9,000 ಕೇಳಿದವರದು ಪದದ ಲೆಕ್ಕ: ಪುಟಕ್ಕೆ 1,000 ಪದ, ಪದಕ್ಕೆ 75 ಪೈಸೆ. ಈ ಲೆಕ್ಕದಲ್ಲಿ ಪುಟ ಉದ್ದವಾದಷ್ಟೂ ಬರೆದವರಿಗೆ ಲಾಭ, ಮೊಬೈಲ್‌ನಲ್ಲಿ ಓದುವವರಿಗೆ ಅಷ್ಟೇ ಕಷ್ಟ. 45,000ದವರು ಪುಟಕ್ಕೆ 3,750ರಂತೆ ಕೇಳಿದ್ದರು. ಒಂದು ಗಂಟೆ ಫೋನಿನಲ್ಲಿ ಮಾತು, ಎರಡು ಸುತ್ತು ತಿದ್ದುಪಡಿ ಅದರಲ್ಲೇ ಸೇರಿತ್ತು. 1,10,000ದಲ್ಲಿ ಹತ್ತು ಗಿರಾಕಿಗಳ ಸಂದರ್ಶನ, ಪೈಪೋಟಿಯ ವೆಬ್‌ಸೈಟುಗಳ ಪರಿಶೀಲನೆ, ಯಾವ ಪುಟದಲ್ಲಿ ಏನಿರಬೇಕು ಎಂಬ ನಕ್ಷೆ ಎಲ್ಲ ಇತ್ತು. ಮೂವರೂ ತಮ್ಮ ಕೆಲಸವನ್ನು ‘ಕಂಟೆಂಟ್’ ಎಂದೇ ಕರೆದದ್ದರಿಂದ ಮನೆಯವರಿಗೆ ಒಂದೇ ಸಾಮಾನಿಗೆ ಹನ್ನೆರಡು ಪಟ್ಟು ಬೆಲೆಯಂತೆ ಕಂಡಿತು.

ದರಪಟ್ಟಿ ಎದುರಿಗಿಟ್ಟುಕೊಂಡು ಯಾರನ್ನು ಆರಿಸೋಣ ಎಂದು ಯೋಚಿಸಿದರೆ ಸಾಮಾನ್ಯವಾಗಿ ಮಧ್ಯದವರು ಆಯ್ಕೆಯಾಗುತ್ತಾರೆ. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಜನ ಬಿಟ್ಟುಹೋಗುತ್ತಿರುವುದು ಬರವಣಿಗೆಯಿಂದಲೇ?

ಸೋರುವುದು ಎಲ್ಲಿ

ಇದನ್ನು ಕಂಡುಕೊಳ್ಳಲು ದುಡ್ಡು ಖರ್ಚಾಗುವುದಿಲ್ಲ. ಗೂಗಲ್ ಸರ್ಚ್ ಕನ್ಸೋಲ್ ಜನ ಏನು ಹುಡುಕಿ ಬಂದರು ಎಂದು ತೋರಿಸುತ್ತದೆ, 16 ತಿಂಗಳ ಹಿಂದಿನವರೆಗೆ. ಗೂಗಲ್ ಅನಲಿಟಿಕ್ಸ್ ಯಾವ ಹೆಜ್ಜೆಯಲ್ಲಿ ಎಷ್ಟು ಜನ ಉಳಿದರು ಎಂದು ಹೇಳುತ್ತದೆ. ಮೈಕ್ರೋಸಾಫ್ಟ್ ಕ್ಲಾರಿಟಿ ಹಾಕಿದರೆ ಒಬ್ಬೊಬ್ಬ ಭೇಟಿಗಾರ ಪುಟದಲ್ಲಿ ಎಲ್ಲಿ ಬೆರಳಾಡಿಸಿದ, ಎಲ್ಲಿ ನಿಂತ ಎಂಬುದು ವೀಡಿಯೊದಂತೆ ಕಾಣುತ್ತದೆ. ಮೂರೂ ಉಚಿತ. ಈ ಮನೆಯಲ್ಲಿ ಮೊದಲ ಎರಡು ಅಳವಡಿಸಿದ್ದವು. ಎರಡು ವರ್ಷದಲ್ಲಿ ಯಾರೂ ತೆರೆದಿರಲಿಲ್ಲ.

ತೆರೆದಾಗ ಕಂಡದ್ದು ಹೀಗೆ. 1,800 ಭೇಟಿಯಲ್ಲಿ 90 ಜನ ಎಣ್ಣೆಯನ್ನು ಬುಟ್ಟಿಗೆ ಹಾಕುತ್ತಾರೆ. 60 ಜನ ವಿಳಾಸ ತುಂಬುವ ಪುಟದವರೆಗೆ ಬರುತ್ತಾರೆ. ಹಣ ಕಟ್ಟುವವರು 18. ಕೊಳ್ಳಲು ಮನಸ್ಸು ಮಾಡಿ, ಪಿನ್‌ಕೋಡ್ ಕೂಡ ಬರೆದ 42 ಜನ ಕೊನೆಯ ಪರದೆಯಲ್ಲಿ ಎದ್ದುಹೋಗುತ್ತಾರೆ. ಆ ಪರದೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಕೊರಿಯರ್ ವೆಚ್ಚ: ಒಂದು ಬಾಟಲಿಗೆ 120 ರೂಪಾಯಿ.

ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910ರಿಂದ 920 ಗ್ರಾಂ. ಬಾಟಲಿ, ಬಬಲ್ ಶೀಟ್, ಡಬ್ಬ ಸೇರಿದರೆ 1.2 ಕೆ.ಜಿ. ಮುಟ್ಟುತ್ತದೆ, ಕೊರಿಯರ್‌ನವರು ಮುಂದಿನ ತೂಕದ ಹಂತಕ್ಕೆ ಬಿಲ್ ಮಾಡುತ್ತಾರೆ. ಎರಡು ಬಾಟಲಿ ಒಟ್ಟಿಗೆ ಹೋದರೆ ಲೀಟರಿಗೆ ಬೀಳುವ ವೆಚ್ಚ ಇಳಿಯುತ್ತದೆ. ಇದನ್ನು ಎಂಥ ಬರಹಗಾರ ಬಂದರೂ ಪದಗಳಿಂದ ಸರಿಮಾಡಲಾರ. ಸರಿಮಾಡಬೇಕಾದವರು ತಮ್ಮ. ಎರಡು ಲೀಟರಿನ ಜೋಡಿ ಪ್ಯಾಕ್ ಮಾಡಿ, ಕೊರಿಯರ್ ವೆಚ್ಚವನ್ನು ಎಣ್ಣೆಯ ಪುಟದಲ್ಲೇ ಬೆಲೆಯ ಕೆಳಗೆ ಬರೆದು, 1,500 ರೂಪಾಯಿ ದಾಟಿದರೆ ಅದನ್ನು ತಾವೇ ಭರಿಸುವುದು. ಹಾಗೆ ಭರಿಸಿದರೂ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಮೊದಲು ಕಾಗದದ ಮೇಲೆ ನೋಡಿಕೊಳ್ಳಬೇಕು.

ಎರಡನೆಯ ಸೋರಿಕೆ ಫೋಟೊ. ಮೊಬೈಲ್‌ನಲ್ಲಿ ತೆಗೆದ 4 ಎಂಬಿ ಚಿತ್ರಗಳನ್ನು ಹಾಗೇ ಏರಿಸಿದ್ದರಿಂದ ಮುಖಪುಟ ತೆರೆಯಲು 7 ಸೆಕೆಂಡ್ ಹಿಡಿಯುತ್ತಿತ್ತು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಚಿತ್ರಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಬದಲಿಸಿ ಒಂದೊಂದನ್ನೂ 150 ಕೆಬಿ ಒಳಗೆ ತಂದರೆ ಮುಗಿಯಿತು. ಅರ್ಧ ದಿನದ ಕೆಲಸ.

ಮೂರನೆಯದು, ವಾಟ್ಸಾಪ್ ಬಟನ್ ಪುಟದ ತಳದಲ್ಲಿತ್ತು. ಮೇಲೆ ತಂದರು.

ಇಷ್ಟು ಮಾಡಿ ಆರು ವಾರ ಕಾದರು. ತಿಂಗಳ ಆರ್ಡರ್ 18ರಿಂದ 25ಕ್ಕೆ ಬಂತು, ಅಂದರೆ ಶೇ 1.4. ಒಂದು ಸಾಲೂ ಹೊಸದಾಗಿ ಬರೆದಿರಲಿಲ್ಲ. ಈ ಆರು ವಾರ ಕಾಯದೆ ನೇರವಾಗಿ ಬರೆಸಿದ್ದರೆ, ಏರಿದ ಏಳು ಆರ್ಡರಿನ ಕೀರ್ತಿ ಬರಹಗಾರರಿಗೆ ಹೋಗುತ್ತಿತ್ತು. ಏರದಿದ್ದರೆ ಬೈಗುಳವೂ ಅವರಿಗೇ.

ವಾಟ್ಸಾಪಿನ ಮೂರು ತಿಂಗಳು

ಇಷ್ಟಾದ ಮೇಲೂ ಉಳಿದದ್ದು ಪದಗಳ ಸಮಸ್ಯೆಯೇ ಎಂದು ಹೇಗೆ ಗೊತ್ತಾಗಬೇಕು? ಆಕೆ ಮೂರು ತಿಂಗಳ ವಾಟ್ಸಾಪ್ ಪ್ರಶ್ನೆಗಳನ್ನು ಗೂಗಲ್ ಶೀಟಿಗೆ ಇಳಿಸಿದರು. ಹೆಸರು, ನಂಬರ್ ಬಿಟ್ಟು ಪ್ರಶ್ನೆ ಮಾತ್ರ, ಗಿರಾಕಿ ಕೇಳಿದ ಮಾತಿನಲ್ಲೇ. ಒಟ್ಟು 240.

ಬೆಲೆ ಯಾಕೆ ಇಷ್ಟು ಜಾಸ್ತಿ ಎಂದು 52 ಜನ. ಎಣ್ಣೆ ಗಟ್ಟಿಯಾಗಿದೆ, ಕೆಟ್ಟಿದೆಯಾ ಎಂದು 41. ಕೊರಿಯರ್ ಬಗ್ಗೆ 36. ಎಷ್ಟು ದಿನ ಇಡಬಹುದು, ತಳದಲ್ಲಿ ಗಸಿ ಯಾಕೆ ಎಂದು 28. ಕೊಬ್ಬರಿಗೆ ಗಂಧಕದ ಹೊಗೆ ಹಾಕಿದ್ದೀರಾ ಎಂದು 23. ಕರಿಯೋಕೆ ಆಗುತ್ತಾ ಎಂದು 19. ಲೀಟರ್ ಅಂದರೆ ಒಂದು ಕೆ.ಜಿ. ಅಲ್ಲವಾ ಎಂದು 17. ಉಳಿದ 24 ಚಿಲ್ಲರೆ.

ಕೊರಿಯರ್ ಮತ್ತು ಚಿಲ್ಲರೆ ಬಿಟ್ಟರೆ 180 ಪ್ರಶ್ನೆಗಳು ಆರೇ ವಿಷಯದ ಸುತ್ತ ತಿರುಗುತ್ತವೆ. ಆ ಆರರಲ್ಲಿ ಒಂದಕ್ಕೂ ವೆಬ್‌ಸೈಟಿನಲ್ಲಿ ಉತ್ತರ ಇರಲಿಲ್ಲ. ಇದ್ದದ್ದು, ಇಂಗ್ಲಿಷಿನಲ್ಲಿ, ಐದು ಪ್ಯಾರಾ: ಗುಣಮಟ್ಟವೇ ನಮ್ಮ ಗುರಿ, ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ, ಪರಂಪರೆ ಮತ್ತು ಆಧುನಿಕತೆಯ ಸಂಗಮ. ಎಣ್ಣೆ ಎಂಬ ಪದ ತೆಗೆದು ಸಿಮೆಂಟ್ ಎಂದು ಹಾಕಿದರೂ ಒಂದಕ್ಷರ ಬದಲಿಸಬೇಕಾಗದ ಬರಹ. ಚಾಟ್‌ಜಿಪಿಟಿಗೆ ‘ಗಾಣದ ಎಣ್ಣೆ ಬಗ್ಗೆ ಬರೆದುಕೊಡು’ ಎಂದು ಕೇಳಿ ನೋಡಿದ್ದರು. ಸಾಲುಗಳು ನಯವಾದವು, ಖಾಲಿತನ ಹಾಗೇ ಉಳಿಯಿತು. ಕೊಬ್ಬರಿ ಯಾವುದು, ಗಸಿ ಯಾಕೆ ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲವಲ್ಲ.

ಸಗಟು ಕೇಳುವವರ ಕಥೆ ಇನ್ನೂ ಸ್ಪಷ್ಟ. ಬೆಂಗಳೂರಿನ ಅಂಗಡಿಗಳು, ಅಪಾರ್ಟ್‌ಮೆಂಟ್ ಗುಂಪುಗಳಿಂದ ತಿಂಗಳಿಗೆ ನಾಲ್ಕು ವಿಚಾರಣೆ ಬರುತ್ತಿದ್ದವು. ಅವರು ಕೇಳುವುದು ಐದೇ: ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ದರ ಎಷ್ಟು ದಿನ ನಿಲ್ಲುತ್ತದೆ, ಲ್ಯಾಬ್ ರಿಪೋರ್ಟ್ ಇದೆಯಾ, ಸೋರಿದ ಬಾಟಲಿಗೆ ಏನು ಮಾಡುತ್ತೀರಿ, ಸಾಲ ಎಷ್ಟು ದಿನ. ವೆಬ್‌ಸೈಟಿನಲ್ಲಿದ್ದದ್ದು ‘ಸಗಟು ಖರೀದಿಗೆ ಸಂಪರ್ಕಿಸಿ’ ಎಂಬ ಒಂದು ಸಾಲು. ಫೋನ್ ಮಾಡಿದರೆ ಅಣ್ಣ ಗಾಣದ ಸದ್ದಿನ ನಡುವೆ ಎತ್ತುತ್ತಿದ್ದರು.

ಆರು ಪ್ರಶ್ನೆಗಳಿಗೆ ಉತ್ತರ ಮನೆಯಲ್ಲೇ ಇದೆ, ಹಾಗಿದ್ದರೆ ತಾವೇ ಬರೆದರಾಗದೇ? ಆಗುತ್ತದೆ, ಅರ್ಧದಷ್ಟು. ಬರೆಯುವವರನ್ನು ಕರೆಯುವ ಸಮಯ ಬಂದಿದೆಯೇ ಎಂದು ತಿಳಿಯಲು ಆ ಪ್ರಶ್ನೆಗಳ ಹಾಳೆಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಹಾಳೆ ತುಂಬದಿದ್ದರೆ ಇನ್ನೂ ಸಮಯ ಬಂದಿಲ್ಲ: ಯಾರು ಕೊಳ್ಳುತ್ತಾರೆ, ಏನು ಕೇಳುತ್ತಾರೆ ಎಂದು ಮಾರುವವರಿಗೇ ಗೊತ್ತಿಲ್ಲದಿದ್ದರೆ ಬರಹಗಾರರು ಕಲ್ಪಿಸಿಕೊಂಡು ಬರೆಯುತ್ತಾರೆ. ಹಾಳೆ ತುಂಬಿ, ಉತ್ತರವೂ ಬಾಯಲ್ಲಿ ಇದ್ದು, ಅದನ್ನು ಪುಟಕ್ಕೆ ಇಳಿಸುವಾಗ ಕೈ ಕಟ್ಟಿಹೋಗುತ್ತದೆ ಎಂದಾದರೆ ಬಂದಿದೆ. ಈಕೆ ಎರಡು ಸಂಜೆ ಕೂತು ಬರೆದದ್ದು ಮತ್ತೆ ‘ನಮ್ಮ ಎಣ್ಣೆಯು ಅತ್ಯಂತ ಶ್ರೇಷ್ಠವಾಗಿದ್ದು’ ಎಂದೇ ಶುರುವಾಗಿತ್ತು. ವಾಟ್ಸಾಪಿನಲ್ಲಿ ಅದೇ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಲೆಕ್ಕ

ಒಂದು ಚಿಲ್ಲರೆ ಆರ್ಡರಿನ ಸರಾಸರಿ 1,100 ರೂಪಾಯಿ. ಸರಕು, ಬಾಟಲಿ, ಡಬ್ಬ, ಕೊರಿಯರ್‌ನಲ್ಲಿ ತಾವು ಭರಿಸುವ ಪಾಲು, ಆನ್‌ಲೈನ್ ಹಣ ತಲುಪಿಸುವ ಪೇಮೆಂಟ್ ಗೇಟ್‌ವೇಯ ಶೇ 2, ಒಡೆದು ಹೋಗುವ ಬಾಟಲಿ ಎಲ್ಲ ಕಳೆದು ಉಳಿಯುವುದು 240. ಬರೆಸುವ ಖರ್ಚನ್ನು ಈ 240ರಿಂದ ಭಾಗಿಸಬೇಕು. ಮಾರಾಟದ 1,100ರಿಂದ ಭಾಗಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

12 ಪುಟಕ್ಕೆ 45,000 ಕೊಟ್ಟರೆ ವಾಪಸ್ ಬರಲು 188 ಹೆಚ್ಚುವರಿ ಆರ್ಡರ್ ಬೇಕು. ಈಗ ವರ್ಷಕ್ಕೆ ಬರುವುದು 300. ಅಂದರೆ ಬರವಣಿಗೆ ಒಂದರಿಂದಲೇ ಮಾರಾಟ ಶೇ 60ಕ್ಕಿಂತ ಹೆಚ್ಚು ಏರಿದರೆ ವರ್ಷದಲ್ಲಿ ಅಸಲು ಬರುತ್ತದೆ. ಇಷ್ಟು ಚಿಕ್ಕ ಭೇಟಿ ಸಂಖ್ಯೆಯ ಮೇಲೆ ಅದನ್ನು ನಂಬುವಂತಿಲ್ಲ. 1,10,000ದ ಮಾತು ಅಲ್ಲಿಗೇ ಮುಗಿಯಿತು.

ಸಗಟಿನ ಲೆಕ್ಕ ಬೇರೆ. ಒಂದು ಅಂಗಡಿ ತಿಂಗಳಿಗೆ 60 ಲೀಟರ್ ಕೊಂಡು, ಲೀಟರಿಗೆ 50 ರೂಪಾಯಿ ಉಳಿದರೂ 3,000. ಅಂಥ ಒಂದೇ ಗಿರಾಕಿ ಆರು ತಿಂಗಳು ನಿಂತರೆ 18,000. ಹಾಗಾಗಿ ಪ್ರಶ್ನೆ ‘ಕಾಪಿರೈಟರ್ ಬೇಕೇ’ ಎಂಬುದರಿಂದ ‘ಯಾವ ಪುಟಕ್ಕೆ ಬೇಕು’ ಎಂಬಲ್ಲಿಗೆ ಬಂತು. ಆಯ್ದುಕೊಂಡದ್ದು ಮೂರು: ಸಗಟು ಪುಟ, ಅತಿ ಹೆಚ್ಚು ಭೇಟಿ ಬರುವ ಕೊಬ್ಬರಿ ಎಣ್ಣೆಯ ಪುಟ, ಪ್ರಶ್ನೋತ್ತರದ ಪುಟ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೇರಿ 18,000 ಎಂದು ಮಿತಿ ಹಾಕಿಕೊಂಡರು. ಒಬ್ಬ ಗಿರಾಕಿಯೂ ಬರದೆ ಈ ಹಣ ಪೂರ್ತಿ ಹೋದರೆ ತಡೆದುಕೊಳ್ಳಬಹುದೇ ಎಂದು ಅಣ್ಣನನ್ನು ಕೇಳಿದಾಗ ಬಂದ ಉತ್ತರ: “ಒಂದು ಗಾಣದ ಒನಕೆ ಬದಲಾಯಿಸಿದಂಗೆ ಅಂದ್ಕೋತೀನಿ.”

‘ನಮ್ಮ ಬಗ್ಗೆ’ ಪುಟವನ್ನು ಬರೆಸಲಿಲ್ಲ. ಅದರ ತಿಂಗಳ ಭೇಟಿ 30. ಅಲ್ಲಿ ಬೇಕಿದ್ದದ್ದು ಗಾಣದ ಎರಡು ಫೋಟೊ, ವಿಳಾಸ, ಭೇಟಿಯ ಸಮಯ.

ಹಳೆಯ ಬರಹದಲ್ಲಿ ಅಡಗಿದ್ದ ಅಪಾಯ

ಬರೆಸುವ ಮುಂಚೆ ಅಳಿಸಬೇಕಾದದ್ದು ಬೇರೆ ಇತ್ತು. ಹಳೆಯ ಪುಟದಲ್ಲಿ ‘ಥೈರಾಯ್ಡ್ ನಿಯಂತ್ರಣಕ್ಕೆ ಬರುತ್ತದೆ, ಶುಗರ್ ಇಳಿಯುತ್ತದೆ’ ಎಂದಿತ್ತು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಹೇಳುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ಅವಕಾಶವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಪದಗಳನ್ನೂ ಮನಬಂದಂತೆ ಬಳಸುವ ಹಾಗಿಲ್ಲ, ಅವಕ್ಕೂ ಷರತ್ತುಗಳಿವೆ. ‘ಶೇ 100’ ಎಂದು ಲೇಬಲ್, ಪ್ರಚಾರದಲ್ಲಿ ಬರೆಯಬೇಡಿ ಎಂದು 2025ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಸೂಚಿಸಿತು. ‘ಸಾವಯವ’ ಎಂದರೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಸಾವಯವ ವ್ಯವಸ್ಥೆಗಳ ಪ್ರಮಾಣಪತ್ರ ಕೇಳುತ್ತಾರೆ.

ತಲೆಗೂದಲಿಗೆ ಒಳ್ಳೆಯದು ಎಂಬ ಸಾಲು ಇನ್ನೊಂದು ತೊಡಕು. ಖಾದ್ಯ ತೈಲದ ಲೈಸೆನ್ಸಿನಲ್ಲಿ ಮಾರುವ ಎಣ್ಣೆಯನ್ನು ಕೂದಲೆಣ್ಣೆ ಎಂದು ಹೇಳಿಕೊಂಡರೆ ಅದು ಪ್ರಸಾಧನದ ಕಾನೂನಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಪ್ಯಾಕಿನ ಕೊಬ್ಬರಿ ಎಣ್ಣೆ ಖಾದ್ಯವೋ ಕೂದಲೆಣ್ಣೆಯೋ ಎಂಬ ತೆರಿಗೆ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ಡಿಸೆಂಬರ್‌ನಲ್ಲಿ ತೀರ್ಪು ಬಂದದ್ದು ನೆನಪಿರಬಹುದು. ಲೇಬಲ್ಲಿನ ಮೇಲೆ ಏನು ಬರೆದಿದೆ ಎಂಬುದಕ್ಕೆ ಅಲ್ಲಿ ಎಷ್ಟು ತೂಕ ಸಿಕ್ಕಿತು ಎಂದು ನೋಡಿದರೆ ಸಾಕು.

ಸಿಹಿ ಮಾತು ಬರೆದವರು ಯಾರೇ ಆಗಲಿ, ನೋಟಿಸ್ ಬರುವುದು ಮಾರುವವರ ವಿಳಾಸಕ್ಕೆ. ಜೊತೆಗೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ನೋಡುವ ಅಧಿಕಾರಿಯ ಹೆಸರು, ವಾಪಸಾತಿಯ ಷರತ್ತು ಪುಟದಲ್ಲಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ವಿಳಾಸ ತೂಕ ಅಳತೆಯ ಕಾನೂನು ಮಾಪನ ನಿಯಮಗಳಲ್ಲಿ ಬರುತ್ತವೆ. ಇವು ಯಾವುದೂ ಬರಹಗಾರರ ಕೆಲಸವಲ್ಲ, ಆದರೆ ಬರಹಗಾರರಿಗೆ ಕೊಡುವ ಹಾಳೆಯಲ್ಲಿ ‘ಇದನ್ನು ಬರೆಯಬೇಡಿ’ ಎಂಬ ಪಟ್ಟಿ ಇರಬೇಕು. ಇಲ್ಲದಿದ್ದರೆ ‘ಥೈರಾಯ್ಡ್’ ಇನ್ನೂ ಚೆಂದದ ಭಾಷೆಯಲ್ಲಿ ವಾಪಸ್ ಬರುತ್ತದೆ.

ಇಬ್ಬರಿಗೆ ಒಂದೇ ಪರೀಕ್ಷೆ

ಹಳೆಯ ಕೆಲಸದ ಮಾದರಿ ನೋಡಿ ಆರಿಸುವುದು ಮೋಸದ ದಾರಿ, ಆ ಮಾದರಿಯನ್ನು ಇನ್ಯಾರೋ ತಿದ್ದಿರಬಹುದು. ಬದಲಿಗೆ ಇಬ್ಬರಿಗೆ ತಲಾ 3,000 ರೂಪಾಯಿ ಕೊಟ್ಟು ಕೊಬ್ಬರಿ ಎಣ್ಣೆಯ ಪುಟ ಬರೆಯಲು ಹೇಳಿದರು. ಗೆದ್ದವರ 3,000 ಒಟ್ಟು ಹಣದಲ್ಲಿ ವಜಾ. ಕೊಟ್ಟ ಸಾಮಗ್ರಿ ಇಬ್ಬರಿಗೂ ಒಂದೇ: 180 ಪ್ರಶ್ನೆಗಳ ಹಾಳೆ, ಅಣ್ಣ ಗಾಣದ ಬಗ್ಗೆ ಮಾತಾಡಿದ 20 ನಿಮಿಷದ ಆಡಿಯೊ, ಲ್ಯಾಬ್ ರಿಪೋರ್ಟ್, ಬರೆಯಬಾರದ ಪದಗಳ ಪಟ್ಟಿ.

ಮೊದಲನೆಯವರು ಎರಡೇ ದಿನದಲ್ಲಿ ಕಳಿಸಿದರು. ‘ಪ್ರಕೃತಿಯ ಮಡಿಲಿನಿಂದ ನಿಮ್ಮ ಅಡುಗೆಮನೆಗೆ’ ಎಂದು ಶುರು. ಆಡಿಯೊ ಕೇಳಿದ ಗುರುತು ಎಲ್ಲೂ ಇರಲಿಲ್ಲ. ಕನ್ನಡದ ಆವೃತ್ತಿ ಇಂಗ್ಲಿಷಿನ ನೆರಳು: ‘ನಿಮ್ಮ ಆರೋಗ್ಯದ ಪ್ರಯಾಣವನ್ನು ಇಂದೇ ಪ್ರಾರಂಭಿಸಿ’. ತಿಪಟೂರಿನ ಗಾಣದವರು ಹೀಗೆ ಮಾತಾಡುವುದನ್ನು ಯಾರೂ ಕೇಳಿರಲಾರರು.

ಎರಡನೆಯವರು ಬರೆಯುವ ಮುಂಚೆ ಹನ್ನೊಂದು ಪ್ರಶ್ನೆ ಕಳಿಸಿದರು. ಉಂಡೆ ಕೊಬ್ಬರಿಯೋ, ಹೋಳು ಮಾಡಿ ಒಣಗಿಸಿದ್ದೋ? ಎಣ್ಣೆ ತೆಗೆದ ಮೇಲೆ ಎಷ್ಟು ದಿನ ತಿಳಿಯಾಗಲು ಬಿಡುತ್ತೀರಿ? ಬಟ್ಟೆಯಲ್ಲಿ ಸೋಸುತ್ತೀರೋ ಫಿಲ್ಟರಿನಲ್ಲೋ? ಒಂದು ಲೀಟರಿಗೆ ಕೊಬ್ಬರಿ ಎಷ್ಟು ಬೇಕು? ಹಿಂಡಿ ಏನಾಗುತ್ತದೆ? ಈ ಪ್ರಶ್ನೆಗಳು ಬಂದ ದಿನವೇ ಆಯ್ಕೆ ಹೆಚ್ಚುಕಡಿಮೆ ಆಗಿಹೋಯಿತು. ಅವರು ಕಳಿಸಿದ ಪುಟದಿಂದ ಎರಡು ತುಣುಕು:

‘ಬೆಲೆ ಹೆಚ್ಚು ಎನಿಸಿದರೆ ಈ ಲೆಕ್ಕ ನೋಡಿ. ಒಂದು ಲೀಟರ್ ಎಣ್ಣೆಗೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಕೊಬ್ಬರಿ ಬೇಕು. ಈ ವಾರದ ಕೊಬ್ಬರಿ ದರ ಮೇಲಿನ ಪೆಟ್ಟಿಗೆಯಲ್ಲಿದೆ. ಉಳಿದದ್ದು ಗಾಣದ ಕೂಲಿ, ಬಾಟಲಿ, ನಮ್ಮ ಲಾಭ.’

‘ಚಳಿಗಾಲದ ಬೆಳಗ್ಗೆ ಎಣ್ಣೆ ಗಟ್ಟಿಯಾಗಿದ್ದರೆ ಕೆಟ್ಟಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಒಲೆಯ ಮೇಲೆ ಇಡಬೇಡಿ.’

ಗಟ್ಟಿಯಾಗುವುದೇ ಶುದ್ಧತೆಯ ಪುರಾವೆ ಎಂದು ಹಲವು ಮಾರಾಟಗಾರರು ಬರೆಯುತ್ತಾರೆ. ಇವರು ಬರೆಯಲಿಲ್ಲ. ತಾಳೆ ಬೀಜದ ಎಣ್ಣೆಯೂ ತಣ್ಣಗಾದರೆ ಗಟ್ಟಿಯಾಗುವುದರಿಂದ ಅದು ಪುರಾವೆಯಲ್ಲ ಎಂದು ಬದಿಯಲ್ಲಿ ಟಿಪ್ಪಣಿ ಹಾಕಿದ್ದರು. ಕೊಬ್ಬರಿ ದರ ವಾರವಾರ ಬದಲಾಗುವುದರಿಂದ ಅದನ್ನು ಪ್ಯಾರಾದೊಳಗೆ ಬರೆಯದೆ, ಮೇಲೊಂದು ಬೇರೆ ಪೆಟ್ಟಿಗೆ ಇಡಲು ಹೇಳಿದ್ದೂ ಅವರೇ. ಹಾಗೆ ಮಾಡಿದರೆ ಆಕೆ ಒಂದೇ ಕಡೆ ಅಂಕಿ ತಿದ್ದಿದರೆ ಸಾಕು.

ಒಪ್ಪಂದದಲ್ಲಿ ಇದ್ದದ್ದು

ಎರಡು ಪುಟದ ಕಾಗದ. ಮೂರು ಪುಟ, ಎರಡು ಭಾಷೆ, ಎರಡು ಸುತ್ತು ತಿದ್ದುಪಡಿ. ಮೂರನೆಯ ಸುತ್ತಿಗೆ ಬೇರೆ ಹಣ. ಶೇ 40 ಮುಂಗಡ, ಉಳಿದದ್ದು ಅಂತಿಮ ಬರಹ ಕೈಸೇರಿದಾಗ. ಕನ್ನಡವನ್ನು ಅನುವಾದ ಮಾಡದೆ ಅದೇ ಸಾಮಗ್ರಿಯಿಂದ ನೇರವಾಗಿ ಬರೆಯಬೇಕು. ಮನೆಯ ಕಡೆಯಿಂದ ಒಪ್ಪಿಗೆ ಕೊಡುವವರು ಒಬ್ಬರೇ, ಐದು ದಿನದೊಳಗೆ.

ಹಕ್ಕುಸ್ವಾಮ್ಯದ ಸಾಲು ಮುಖ್ಯ. ಸಂಬಳಕ್ಕಿರುವ ನೌಕರರು ಬರೆದದ್ದು ಸಾಮಾನ್ಯವಾಗಿ ಮಾಲೀಕರದು. ಹೊರಗಿನವರು ಬರೆದದ್ದು, ಹಣ ಕೊಟ್ಟ ಮೇಲೂ, ಬರೆದವರದ್ದೇ. ಅದನ್ನು ಬರವಣಿಗೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಅವಧಿ ನಮೂದಿಸದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸುತ್ತದೆ. ಹಾಗಾಗಿ ‘ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ’ ಎಂದು ಬರೆಸಿಕೊಂಡರು.

ಕೆಟ್ಟದ್ದು ಎಲ್ಲಿ

ಮೂರು ವಾರದ ಕೆಲಸ ಏಳು ವಾರ ಹಿಡಿಯಿತು. ತಡವಾದದ್ದು ಬರೆಯುವುದರಲ್ಲಲ್ಲ. ಸಗಟು ಪುಟಕ್ಕೆ ಕನಿಷ್ಠ ಪ್ರಮಾಣ ಎಷ್ಟೆಂದು ಅಣ್ಣ ತಮ್ಮ ಒಪ್ಪಿಕೊಳ್ಳಲು ಎರಡು ವಾರ. ಒಬ್ಬರದು 20 ಲೀಟರ್, ಇನ್ನೊಬ್ಬರದು 60. ಈ ತಕರಾರು ಮೊದಲಿನಿಂದಲೂ ಇತ್ತು, ಪುಟ ಅದನ್ನು ಹೊರಗೆಳೆಯಿತು ಅಷ್ಟೆ. ಆಮೇಲೆ ದೊಡ್ಡಪ್ಪ ಒಬ್ಬರು ಓದಿ, ‘ವಂಶಪಾರಂಪರ್ಯವಾಗಿ’ ಎಂಬ ಪದ ಎಲ್ಲಿ ಹೋಯಿತು ಎಂದು ಕೇಳಿದರು. ಗಾಣ ಶುರುವಾಗಿ ಆರು ವರ್ಷವಾಗಿದೆ. ಒಪ್ಪಿಗೆ ಒಬ್ಬರದೇ ಎಂಬ ಸಾಲು ಆಗ ಕೆಲಸಕ್ಕೆ ಬಂತು.

ಅದಕ್ಕಿಂತ ದೊಡ್ಡ ಪೇಚು ಅಕ್ಷರದ್ದು. ಬರಹಗಾರರು ಕನ್ನಡವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಕಡತ ಕಳಿಸಿದ್ದರು. ಅದನ್ನು ವೆಬ್‌ಸೈಟಿಗೆ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಗೂಗಲ್‌ಗೂ ಅದು ಕನ್ನಡವಲ್ಲ. ಪರಿವರ್ತಕಕ್ಕೆ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಮಾಡಿದಾಗ ಅರ್ಕಾವತ್ತು, ಕೆಲವು ಒತ್ತಕ್ಷರ ಅಡಿಮೇಲಾದವು. ಇಡೀ ಬರಹವನ್ನು ಮತ್ತೆ ಕರಡು ತಿದ್ದಲು ಎರಡು ದಿನ ಹೋಯಿತು. ಮುದ್ರಣದ ಕಡೆಯಿಂದ ಬಂದ ಬರಹಗಾರರಲ್ಲಿ ಇದು ಇನ್ನೂ ಸಾಮಾನ್ಯ. ಒಪ್ಪಂದದಲ್ಲೇ ‘ಯೂನಿಕೋಡ್’ ಎಂಬ ಒಂದು ಪದ ಇದ್ದಿದ್ದರೆ ಸಾಕಾಗಿತ್ತು.

ಪುಟಕ್ಕೆ ಹಾಕಿದಾಗ ಇನ್ನೆರಡು. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ನಿನೊಳಗೆ ತಳ ಕತ್ತರಿಸಿಹೋಗುತ್ತವೆ. ಅಕ್ಷರದ ಗಾತ್ರದ 1.6 ಪಟ್ಟು ಸಾಲಿನ ಎತ್ತರ ಕೊಟ್ಟರೆ ಸರಿಹೋಗುತ್ತದೆ. ‘ಬುಟ್ಟಿಗೆ ಸೇರಿಸಿ’ ಎಂಬುದು ಬಟನ್ನಿನಲ್ಲಿ ಎರಡು ಸಾಲಾಗಿ ಒಡೆದಾಗ ‘ಕೊಳ್ಳಿ’ ಎಂದು ಮಾಡಿದರು, ಅದೇ ಚೆನ್ನಾಯಿತು.

ಫಲಿತಾಂಶವನ್ನು ಹೇಗೆ ಓದಿದರು

ಎರಡು ಆವೃತ್ತಿ ಇಟ್ಟು ಹೋಲಿಸಿ ನೋಡಬಾರದೇ ಎಂದು ವೆಬ್‌ಸೈಟ್ ಮಾಡಿಕೊಟ್ಟವರು ಕೇಳಿದರು. ಶೇ 1.4ರಿಂದ ಶೇ 2ಕ್ಕೆ ಏರಿದರೂ ಅದನ್ನು ನಂಬಿಕೆಯಿಂದ ಹಿಡಿಯಲು ಒಂದೊಂದು ಆವೃತ್ತಿಗೆ ಸುಮಾರು 7,400 ಭೇಟಿ ಬೇಕು. ಎರಡಕ್ಕೆ ಹೆಚ್ಚುಕಡಿಮೆ 15,000. ತಿಂಗಳಿಗೆ 1,800ರಂತೆ ಎಂಟು ತಿಂಗಳು. ಅಷ್ಟರಲ್ಲಿ ಕೊಬ್ಬರಿ ದರ ಎಷ್ಟು ಸಲ ಹತ್ತಿ ಇಳಿದಿರುತ್ತದೋ. ಈ ಗಾತ್ರದ ವ್ಯಾಪಾರಕ್ಕೆ ಆ ಪರೀಕ್ಷೆ ಹೊಂದುವುದಿಲ್ಲ.

ಬದಲಿಗೆ ಎಣಿಸಿದ್ದು ಪ್ರಶ್ನೆಗಳನ್ನು. ಹೊಸ ಪುಟ ಬಂದ ಮೇಲಿನ ಮೂರು ತಿಂಗಳಲ್ಲಿ ‘ಗಟ್ಟಿಯಾಗಿದೆ’ ಎಂಬ ಪ್ರಶ್ನೆ 41ರಿಂದ 12ಕ್ಕೆ, ‘ಬೆಲೆ ಯಾಕೆ’ 52ರಿಂದ 30ಕ್ಕೆ ಇಳಿಯಿತು. ಮೊದಲನೆಯದರಲ್ಲಿ ಹವೆಯ ಪಾಲೂ ಇರಬಹುದು, ಚಳಿ ಕಳೆದಿತ್ತು. ಸಗಟು ವಿಚಾರಣೆ ತಿಂಗಳಿಗೆ ನಾಲ್ಕರಿಂದ ಏಳಾಯಿತು. ಮೂರು ತಿಂಗಳಲ್ಲಿ ಇಬ್ಬರು ನಿಂತರು: ಒಂದು ಅಂಗಡಿ, ಒಂದು ಅಪಾರ್ಟ್‌ಮೆಂಟ್ ಗುಂಪು. ಇಬ್ಬರೂ ಸೋರಿದ ಬಾಟಲಿಯ ಷರತ್ತನ್ನು ಪುಟದಲ್ಲಿ ಓದಿಯೇ ಫೋನ್ ಮಾಡಿದ್ದರು. ಚಿಲ್ಲರೆ ಆರ್ಡರ್ 25ರಿಂದ 29. ಅದು ಬರವಣಿಗೆಯಿಂದ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಆ ಅವಧಿಯಲ್ಲಿ ಯುಗಾದಿ ಬಂದುಹೋಗಿತ್ತು.

ಉಳಿದ ಪುಟಗಳಲ್ಲಿ ಕಡಲೆಕಾಯಿ ಎಣ್ಣೆಯದನ್ನು ಆಕೆಯೇ ಬರೆದರು. ಕೊಬ್ಬರಿ ಎಣ್ಣೆಯ ಪುಟದ ಸಾಲು ಸಾಲನ್ನು ಪಕ್ಕಕ್ಕಿಟ್ಟುಕೊಂಡು, ವಾಟ್ಸಾಪಿನಲ್ಲಿ ತಾನು ಕೊಟ್ಟ ಉತ್ತರಗಳನ್ನು ಹಾಗೇ ಎತ್ತಿ ಅಂಟಿಸಿ, ಎರಡು ಸಂಜೆಯಲ್ಲಿ. ಈ ಸಲ ‘ಅತ್ಯಂತ ಶ್ರೇಷ್ಠ’ ಬರಲಿಲ್ಲ. ಬರಹಗಾರರಿಗೆ 1,000 ರೂಪಾಯಿ ಕೊಟ್ಟು ಒಮ್ಮೆ ಕಣ್ಣಾಡಿಸಿಕೊಂಡರು. ಐದು ಕಡೆ ತಿದ್ದಿದರು. ಎಳ್ಳೆಣ್ಣೆಯ ಪುಟ ಇನ್ನೂ ಹಳೆಯದೇ ಇದೆ.

ಅಮೆರಿಕ, ದುಬೈ ಕಡೆಯಿಂದ ತಿಂಗಳಿಗೆ ಐವತ್ತರಷ್ಟು ಭೇಟಿ ಬರುತ್ತಿರುವುದು ಸರ್ಚ್ ಕನ್ಸೋಲಿನಲ್ಲಿ ಕಾಣುತ್ತಿದೆ. ಅಲ್ಲಿಯ ಕನ್ನಡದವರಿಗಾಗಿ ಒಂದು ಪುಟ ಬರೆಸೋಣ ಎಂದು ತಮ್ಮ ಹೇಳುತ್ತಿದ್ದಾರೆ. ರಫ್ತಿಗೆ ಬೇಕಾದ ಐಇಸಿ ಸಂಖ್ಯೆಗೆ ಅರ್ಜಿಯನ್ನೇ ಹಾಕಿಲ್ಲವಾದ್ದರಿಂದ ಆ ಪುಟವನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದಿದ್ದಾರೆ.